ಅವರು ಬರೆದದ್ದು ಕೆನಡಾದ ಬಗ್ಗೆಯೇ

ಚಳ್ಳಕೆರೆಯಲ್ಲಿ ಕೆನಡಾ ಎಲ್ಲಿದೆ ಎಂದು ಕೇಳಿದರೆ ಜನ ಬಳ್ಳಾರಿ ರಸ್ತೆಯ ಕಡೆ ಕೈ ತೋರಿಸುತ್ತಿದ್ದ ಕಾಲವೊಂದಿತ್ತು. ಎಣ್ಣೆ ಮಿಲ್ಲಿನ ಗೋಡೆ ದಾಟಿದರೆ ಸುಟ್ಟ ವಾರ್ನಿಷ್ ವಾಸನೆ ಹೊಡೆಯುವ ಒಂದು ಸಣ್ಣ ಮಳಿಗೆ. ಹೊರಗೆ ಕೊಳವೆಬಾವಿಯ ಮೋಟರುಗಳು ಸಾಲಾಗಿ ಮಲಗಿರುತ್ತಿದ್ದವು. ಒಳಗೆ ಒಬ್ಬರು ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಾ ಕೂತಿರುತ್ತಿದ್ದರು. ಊರು ಅವರಿಗೆ ಕೆನಡಾ ಸಾಬ್ರು ಎಂದು ಹೆಸರಿಟ್ಟಿತ್ತು. ನಾನು ಸಾಹೇಬ್ರೇ ಎನ್ನುತ್ತಿದ್ದೆ. ಅವರು ತೀರಿಕೊಂಡು ಆರು ತಿಂಗಳಾಯಿತು. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನಲ್ಲಿ ನಾನು ಒಮ್ಮೆ ಬರೆಯಬಾರದ್ದನ್ನು ಬರೆದಿದ್ದೇನೆ. ಅದನ್ನು ಇನ್ನೊಮ್ಮೆ ಅಚ್ಚು ಹಾಕುವ ಯೋಗ್ಯತೆ ನನಗಿಲ್ಲ.

ನಾನು ನಾಲ್ಕು ಪುಟದ ಒಂದು ವಾರಪತ್ರಿಕೆ ನಡೆಸುವವನು. ಶೇಂಗಾ ಧಾರಣೆ, ಈರುಳ್ಳಿ ಧಾರಣೆ, ಶ್ರದ್ಧಾಂಜಲಿ, ಶುಭಾಶಯ, ಉಳಿದ ಜಾಗದಲ್ಲಿ ರಾಜಕೀಯ. ನಮ್ಮ ಮನೆಯ ಬೋರ್‌ವೆಲ್ ಮೋಟರ್ ಸುಟ್ಟ ವರ್ಷ ಅವರ ಅಂಗಡಿಯಲ್ಲಿ ಅರ್ಧ ದಿನ ಕಾದು ಕೂತಿದ್ದೆ. ಮೂಲೆಯಲ್ಲೊಂದು ಹಳೆಯ ರೇಡಿಯೋ ಗೊರಗೊರ ಅನ್ನುತ್ತಿತ್ತು. ಅದರಲ್ಲಿ ಯಾರೋ ಇಂಗ್ಲಿಷಿನಲ್ಲಿ ವಾದಿಸುತ್ತಿದ್ದರು. ಇವರು ತಂತಿ ಸುತ್ತುವುದನ್ನು ನಿಲ್ಲಿಸಿ, "ಹೋಯ್ತು ಸ್ವಾಮಿ, ಸರ್ಕಾರ ಬಿತ್ತು" ಎಂದರು. ವಿಧಾನಸೌಧದ ಸುದ್ದಿ ನನಗಿಂತ ಮೊದಲು ಮೋಟರ್ ರಿಪೇರಿಯವರಿಗೆ ಸಿಕ್ಕರೆ ಸಂಪಾದಕನ ಮಾನ ಏನಾಗಬೇಕು? "ಯಾವ ಸರ್ಕಾರ?" ಎಂದೆ. "ಕೆನಡಾದ್ದು" ಎಂದು ಮತ್ತೆ ತಂತಿ ಹಿಡಿದರು.

ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. "ಅಲ್ಲಿ ನಿಮ್ಮೋರು ಯಾರಿದಾರೆ ಸಾಹೇಬ್ರೇ?"

"ಯಾರೂ ಇಲ್ಲ."

"ಮತ್ತೆ?"

"ನಿಮ್ಮೋರು ಯಾರೂ ಇಲ್ದಿರೋ ಊರಿನ ಬಗ್ಗೆ ಯೋಚನೆ ಮಾಡಬಾರದು ಅಂತ ಏನಾದ್ರೂ ಕಾನೂನು ಐತಾ?"

ಆಮೇಲೆ ನಿಧಾನವಾಗಿ ಹೇಳಿದರು. ಅವರು ಹೊಸದಾಗಿ ಅಂಗಡಿ ಹಾಕಿದ ಕಾಲ. ದೇಶದಲ್ಲಿ ಗಲಾಟೆಗಳಾಗಿ, ನಮ್ಮೂರಿನಲ್ಲಿ ಏನೂ ಆಗದಿದ್ದರೂ, ಹೆದರಿ ಮೂರು ದಿನ ಶಟರ್ ಎಳೆದು ಒಳಗೇ ಕೂತಿದ್ದರಂತೆ. ಅದಾದ ಕೆಲವು ವರ್ಷಕ್ಕೆ ರಿಪೇರಿಗೆ ಬಂದ ಯಾರದೋ ರೇಡಿಯೋದಲ್ಲಿ ಕೆನಡಾದ ಸುದ್ದಿ ಸಿಕ್ಕಿತು. ಅಲ್ಲಿ ಫ್ರೆಂಚ್ ಮಾತಾಡುವ ಕ್ವಿಬೆಕ್ ಎಂಬ ಪ್ರಾಂತ್ಯ ತಾನು ದೇಶದಿಂದ ಬೇರೆಯಾಗಬೇಕೋ ಬೇಡವೋ ಎಂದು ಓಟು ಹಾಕುತ್ತಿತ್ತು. "ಕೂದಲೆಳೆಯಲ್ಲಿ ಸೋತ್ರು ಸ್ವಾಮಿ ಬೇರೆ ಆಗಬೇಕು ಅಂದೋರು. ನಾನು ಎಣಿಸ್ಕೊಂಡು ಕೂತೆ, ಈಗ ಎಷ್ಟು ಅಂಗಡಿ ಸುಡ್ತಾರೆ ಅಂತ. ಮಾರನೇ ದಿನ ಎಲ್ರೂ ಕೆಲಸಕ್ಕೆ ಹೋದ್ರಂತೆ. ದೇಶ ಒಡಿಯೋ ಮಾತು ಸ್ವಾಮಿ! ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದ್ರು!" ಎಂದು ಹೇಳುವಾಗ ಅವರ ದನಿ ಅದನ್ನು ಆಗತಾನೇ ಕೇಳಿದವರ ದನಿಯಂತಿತ್ತು. ಆವತ್ತಿನಿಂದ ಕೆನಡಾ ಅವರಿಗೆ ಅಂಟಿಕೊಂಡಿತು.

ಇದನ್ನೆಲ್ಲ ಬರೆದುಕೊಡಿ ಎಂದವನು ನಾನೇ. ಹೀಗೆ ಶುರುವಾದದ್ದು "ಕೆನಡಾ ಕಾಗದ" ಎಂಬ ಅಂಕಣ. ಗುರುವಾರ ಮಧ್ಯಾಹ್ನ ನಮಾಜು ಮುಗಿಸಿ ಬರೆಯಲು ಕೂತರೆ ಸಂಜೆಗೆ ಎರಡು ಹಾಳೆ ನನ್ನ ಮೇಜಿನ ಮೇಲೆ. ಕನ್ನಡ ಶಾಲೆಯಲ್ಲಿ ಓದಿದ ದುಂಡನೆಯ ಅಕ್ಷರ, ಒಂದು ಚಿತ್ತಿಲ್ಲ. ಬರೆಯುವ ಮೊದಲು ಎಲ್ಲವನ್ನೂ ಒಂದು ಉದ್ದ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅದು ಅವರ ಕಸುಬಿನಿಂದ ಬಂದ ಅಭ್ಯಾಸ. ಸುಟ್ಟ ಮೋಟರನ್ನು ಬಿಚ್ಚುವ ಮುಂಚೆ ತಂತಿಯ ದಪ್ಪ ಎಷ್ಟು, ಸುತ್ತು ಎಷ್ಟು ಎಂದು ಬರೆದುಕೊಳ್ಳಬೇಕು. "ಬಿಚ್ಚಿದ ಮೇಲೆ ಅದು ಎಂಗಿತ್ತು ಅಂತ ಯಾರೂ ಹೇಳಲ್ಲ" ಎನ್ನುತ್ತಿದ್ದರು. ಕೆನಡಾದ ಒಬ್ಬ ಮಂತ್ರಿ ಏನು ಹೇಳಿದ, ಯಾವಾಗ ಹೇಳಿದ ಎಂಬುದನ್ನೂ ಹಾಗೆಯೇ ಬರೆದಿಡುತ್ತಿದ್ದರು. ನಮ್ಮಲ್ಲಿ ದೊಡ್ಡ ಪತ್ರಿಕೆಯವರೂ ಅಷ್ಟು ಕಷ್ಟಪಡುವುದಿಲ್ಲ.

ಅಂಕಣದ ಕೊನೆಗೆ "ಈ ವಾರ ಕಿವಿಗೆ ಬಿದ್ದದ್ದು" ಎಂದು ನಾಲ್ಕು ಸಾಲು ಸಂಗೀತದ್ದಿರುತ್ತಿತ್ತು. ನಿಜ ಹೇಳಬೇಕೆಂದರೆ ನಮ್ಮ ಓದುಗರು ಮೊದಲು ಓದುತ್ತಿದ್ದುದು ಅದನ್ನೇ. ಅವರಿಗೆ ಎರಡು ಸಂಗೀತ ಪ್ರಾಣ. ಒಂದು, ಸಾರಂಗಿ. ಇನ್ನೊಂದು, ಕೆನಡಾದ ಪೂರ್ವ ಕರಾವಳಿಯ ಮೀನುಗಾರರು ಅಡುಗೆಮನೆಯಲ್ಲಿ ಕೂತು ಬಾರಿಸುವ ಪಿಟೀಲು. ಹಳೆಯ ಕ್ಯಾಸೆಟ್ಟುಗಳಲ್ಲಿ ಎರಡನ್ನೂ ತುಂಬಿಸಿಟ್ಟಿದ್ದರು. ತಂತಿ ಸುತ್ತುವಾಗ ಲೆಕ್ಕ ತಪ್ಪದಿರಲು ಹದಿನಾರು ಮಾತ್ರೆಯ ತಾಳ ಹಿಡಿಯುತ್ತಿದ್ದರು. ಬಾಯಲ್ಲಿ ತಬಲಾದ ಬೋಲು, ಕೈಯಲ್ಲಿ ತಂತಿ. ಮಧ್ಯೆ ಯಾರಾದರೂ ಮಾತಾಡಿಸಿದರೆ ಸುತ್ತು ಮುಗಿದು ತಾಳದ ಮೊದಲ ಪೆಟ್ಟಾದ ಸಮ್ ಬರುವವರೆಗೆ ಉತ್ತರ ಕೊಡುತ್ತಿರಲಿಲ್ಲ. ಹೊಸಬರು ಸಾಬ್ರಿಗೆ ಕಿವಿ ಕೇಳಲ್ಲ ಅಂದುಕೊಂಡು ಜೋರಾಗಿ ಕೂಗುತ್ತಿದ್ದರು.

ಒಮ್ಮೆ ನನ್ನಿವಾಳದ ರೈತರೊಬ್ಬರಿಗೆ ಆ ಪಿಟೀಲು ಕೇಳಿಸಿದರು. ಅವರು ಮೋಟರಿನ ಮೇಲೆ ಕೂತು, ಬೀಡಿ ಆರಿಸಿ, ಶ್ರದ್ಧೆಯಿಂದ ಪೂರ್ತಿ ಕೇಳಿದರು.

"ಎಂಗೈತೆ ಯಜಮಾನ್ರೇ?"

"ಚೆನ್ನಾಗೈತೆ ಸಾಬ್ರೇ. ಆದ್ರೆ ಮದುವೆ ಮನೇಲಿ ವಾಲಗದೋರಿಗೆ ಊಟ ಹಾಕದೆ ಊದ್ಸಿದ್ರೆ ಇಂಗೇ ಅವಸರ ಮಾಡ್ತಾರೆ."

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ವಾರದ ನಾಲ್ಕು ಸಾಲಿನಲ್ಲಿ ಆ ವಿಮರ್ಶೆಯನ್ನು ರೈತರ ಹೆಸರು ಸಮೇತ ಹಾಕಿ, "ನನಗಿಂತ ಚೆನ್ನಾಗಿ ಕೇಳಿದ್ದಾರೆ" ಎಂದು ಬರೆದರು.

ರಾಜಕೀಯವನ್ನೂ ಅವರು ಕಿವಿಯಿಂದಲೇ ತೂಗುತ್ತಿದ್ದರು. ಚುನಾವಣೆ ಬಂದರೆ ಗೆದ್ದವರ ಭಾಷಣ ಬಿಟ್ಟು ಸೋತವರದ್ದನ್ನು ಹುಡುಕಿ ಕೇಳುವರು. "ಗೆದ್ದೋರದ್ದೆಲ್ಲಾ ಒಂದೇ ರಾಗ ಸ್ವಾಮಿ. ಸೋತ ಮೇಲೆ ಮನುಷ್ಯ ಶ್ರುತಿಗೆ ಬರ್ತಾನೆ" ಎನ್ನುವರು. ಕೆನಡಾದ ಸಂಸತ್ತಿನಲ್ಲಿ ಹೊಸ ಸಭಾಧ್ಯಕ್ಷರನ್ನು ಆರಿಸಿದಾಗ ಅವರು ನನಗೀ ಕುರ್ಚಿ ಬೇಡ ಎಂದು ಹಿಂಜರಿದಂತೆ ನಟಿಸಬೇಕಂತೆ. ಆಡಳಿತ ಪಕ್ಷದ ನಾಯಕ ಒಂದು ರಟ್ಟೆ, ವಿರೋಧ ಪಕ್ಷದ ನಾಯಕ ಇನ್ನೊಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಬೇಕಂತೆ. ಇದನ್ನು ನನಗೆ ವಿವರಿಸಲು ಹೋಗಿ, ಎದುರು ಟೀ ಅಂಗಡಿಯವರನ್ನು ಕರೆದು, ಇಬ್ಬರೂ ಸೇರಿ ನನ್ನನ್ನು ಎಳೆದು ತಂದು ಸ್ಟೂಲಿನ ಮೇಲೆ ಕುಕ್ಕಿದರು. "ಕುರ್ಚಿ ಬೇಡ ಅಂತ ನಟನೆಗಾದ್ರೂ ಹೇಳಬೇಕು ನೋಡ್ರಿ. ಅದೇ ಸಂಸ್ಕಾರ" ಎಂದರು. ನನ್ನ ಅಂಗಿಯ ತೋಳು ಹರಿದಿತ್ತು. ಅದನ್ನು ಸಾಹೇಬರ ಹೆಂಡತಿಯೇ ಹೊಲಿದುಕೊಟ್ಟರು. ನಾನು ಅವರನ್ನು ಭಾಭಿ ಎನ್ನುತ್ತಿದ್ದೆ. ಮೊಳಕಾಲ್ಮೂರಿನ ಹೆಣ್ಣುಮಗಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ಆದರೆ ಕನ್ನಡ ಓದಲು ಬರುತ್ತಿರಲಿಲ್ಲ. ಗಂಡ ವಾರವಾರ ಏನು ಬರೆಯುತ್ತಾರೆ ಎಂಬುದು ಅವರಿಗೆ ಅಚ್ಚಾದ ಅಕ್ಷರದ ಮೇಲೆ ಕೈಯಾಡಿಸುವಷ್ಟು ಮಾತ್ರ ಗೊತ್ತು. "ನಮ್ಮ ಮೊಳಕಾಲ್ಮೂರೇ ಕ್ವಿಬೆಕ್ ಅಂತ ಇವರು ರೇಗಿಸ್ತಾರೆ ಭಾಯಿ, ಅದು ಬೈಗುಳಾನಾ?" ಎಂದು ಒಮ್ಮೆ ನನ್ನನ್ನು ಕೇಳಿದ್ದರು.

ಇಷ್ಟು ಬರೆಯುವಾಗ ಸುಖವಾಗಿತ್ತು. ಇನ್ನು ಮುಂದಿನದನ್ನು ಬರೆಯದೆ ವಿಧಿಯಿಲ್ಲ.

ನಮ್ಮ ಜನಕ್ಕೆ ಒಂದು ರೋಗವಿದೆ. ಯಾರಾದರೂ ಮುಚ್ಚುಮರೆಯಿಲ್ಲದೆ ಮಾತಾಡಿದರೆ ಒಳಗೇನೋ ಇದೆ ಎಂದೇ ಹುಡುಕುತ್ತೇವೆ. ಚಳ್ಳಕೆರೆಯ ಮೋಟರ್ ವೈಂಡಿಂಗಿನವರು ಕೆನಡಾದ ಬಗ್ಗೆ ಸುಮ್ಮನೆ ಯಾಕೆ ಬರೆದಾರು? ಅಲ್ಲಿನ ಪ್ರಧಾನಿ ಎಂದರೆ ಇಲ್ಲಿನ ಇಂಥವರು, ಅಲ್ಲಿನ ವಿರೋಧ ಪಕ್ಷದ ನಾಯಕ ಎಂದರೆ ಇಲ್ಲಿನ ಅಂಥವರು ಎಂದು ಟೀ ಅಂಗಡಿಗಳಲ್ಲಿ ಹಂಚಿಕೆ ನಡೆಯುತ್ತಿತ್ತು. ಪರಶುರಾಂಪುರದಿಂದ ಒಬ್ಬರು ಫೋನು ಮಾಡಿ, "ಈ ವಾರದ ಸೆನೆಟರ್ ಯಾರು ಅಂತ ನನಗೆ ಗೊತ್ತಾಯ್ತು ಬಿಡ್ರಿ" ಎಂದು ಗುಟ್ಟಾಗಿ ನಗುತ್ತಿದ್ದರು. ಸಾಹೇಬರು ಮೊದಮೊದಲು ಅಲ್ಲಪ್ಪಾ ಅಲ್ಲ ಎಂದು ಕೈ ಮುಗಿಯುತ್ತಿದ್ದರು. ಮುಗಿದಷ್ಟೂ ಜನರ ನಂಬಿಕೆ ಗಟ್ಟಿಯಾಯಿತು. ಪತ್ರಿಕೆಯ ಮಾರಾಟ ಏರಿತು. ನಾನು ಸುಮ್ಮನಿದ್ದೆ. ಅಷ್ಟೇ ಆಗಿದ್ದರೆ ಇಂದು ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಂದು ವಾರ ಅವರು ಬರೆದದ್ದು ಪಕ್ಷ ಬಿಟ್ಟು ಎದುರು ಪಕ್ಷ ಸೇರಿದ ಕೆನಡಾದ ಒಬ್ಬ ಸಂಸದನ ಬಗ್ಗೆ. ಅಲ್ಲಿ ಹಾಗೆ ಹೋಗುವವರು ಎಲ್ಲರ ಕಣ್ಣೆದುರು ಸಭೆಯ ನಡುವಿನ ಹಾದಿ ದಾಟಿ ಎದುರು ಸಾಲಿನಲ್ಲಿ ಕೂರುತ್ತಾರೆ. "ನಾಲ್ಕು ಹೆಜ್ಜೆಯ ಹಾದಿ. ದಾಟುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ" ಎಂದಿತ್ತು. ಒಳ್ಳೆಯ ಬರಹ. ಅದೇ ವಾರ ನಮ್ಮ ಕಡೆಯ ಒಬ್ಬ ಮುಖಂಡ ಪಕ್ಷ ಬದಲಿಸಿದ್ದ. ನನ್ನೊಳಗಿನ ವ್ಯಾಪಾರಿ ಎಚ್ಚರವಾದ. ಸಾಹೇಬರು ಕೊಟ್ಟ ತಲೆಬರಹ "ನಾಲ್ಕು ಹೆಜ್ಜೆಯ ಹಾದಿ" ಎಂದಿತ್ತು. ನಾನು ಅದನ್ನು ಹೊಡೆದುಹಾಕಿ, "ಹಾದಿ ದಾಟಿದ ನಾಯಕ: ಕೆನಡಾದಲ್ಲೋ, ನಮ್ಮಲ್ಲೋ?" ಎಂದು ದಪ್ಪಕ್ಷರದಲ್ಲಿ ಹಾಕಿದೆ.

ಪತ್ರಿಕೆ ಮಧ್ಯಾಹ್ನಕ್ಕೇ ಖಾಲಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುಖಂಡನ ಕಡೆಯವರು ನನ್ನ ಕಚೇರಿಗೆ ಬರಲಿಲ್ಲ. ನನ್ನ ಅಪ್ಪನ ಶೇಂಗಾ ಮಂಡಿ, ನಮ್ಮ ನೆಂಟರು, ನಮ್ಮ ಮಠ, ಇವೆಲ್ಲ ನನ್ನ ಹಿಂದೆ ಇದ್ದವು. ಅವರು ನೇರ ಬಳ್ಳಾರಿ ರಸ್ತೆಗೆ ಹೋದರು. ಹೊಡೆಯಲಿಲ್ಲ, ಬೈದದ್ದೂ ಕಡಿಮೆ. ಹಳ್ಳಿಹಳ್ಳಿಗೆ ಮಾತು ಹೋಯಿತು, ಆ ಅಂಗಡಿಗೆ ಮೋಟರ್ ಕೊಡಬೇಡಿ ಎಂದು. ಎಂಟು ದಿನದಲ್ಲಿ ಅಂಗಡಿ ಮುಂದಿನ ಜಾಗ ಖಾಲಿಯಾಯಿತು. ಸಾಹೇಬರು ಆ ಖಾಲಿ ಜಾಗವನ್ನು ಪ್ರತಿದಿನ ಬೆಳಿಗ್ಗೆ ಗುಡಿಸಿ ನೀರು ಹಾಕುತ್ತಿದ್ದರು.

"ನಾನು ಕೆನಡಾದ್ದೇ ಬರೆದಿದ್ದು ಅಂತ ಒಂದು ಮಾತು ಹಾಕಿ ಸ್ವಾಮಿ. ತಲೆಬರಹ ನಂದಲ್ಲ ಅಂತ ಹಾಕಿ. ಸಾಕು" ಎಂದರು.

ಹಾಕಬಹುದಿತ್ತು. ಹಾಕಿದ್ದರೆ ತಪ್ಪು ನನ್ನದು ಎಂದಾಗುತ್ತಿತ್ತು. ನಾನು ಬೇರೆ ದಾರಿ ಹಿಡಿದೆ. ಮುಖಂಡನ ಮನೆಗೆ ಹೋಗಿ, ಟೀ ಕುಡಿದು, ರಾಜಿ ಮಾಡಿಕೊಂಡು ಬಂದೆ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಒಂದು ಚೌಕಟ್ಟು ಬಂತು. ಕೆನಡಾದ ನೆಪದಲ್ಲಿ ಸ್ಥಳೀಯ ಮುಖಂಡರೊಬ್ಬರ ಮನಸ್ಸಿಗೆ ನೋವಾಗುವಂತೆ ಬರೆದದ್ದಕ್ಕೆ ವಿಷಾದಿಸುತ್ತೇನೆ ಎಂಬ ಮಾತು, ಕೆಳಗೆ ಸಾಹೇಬರ ಹೆಸರು. ಅವರನ್ನು ಕೇಳಲಿಲ್ಲ. ಕೇಳಿದ್ದರೆ ಒಪ್ಪುತ್ತಿರಲಿಲ್ಲ ಎಂಬುದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅವರ ಹೊಟ್ಟೆಪಾಡು ಉಳಿಸಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಹದಿನೈದು ದಿನದಲ್ಲಿ ಮೋಟರುಗಳು ಮತ್ತೆ ಬಂದು ಮಲಗಿದವು. ಜನರಂತೂ, "ನೋಡಿದ್ರಾ, ಕೊನೆಗೆ ಸಾಬ್ರೇ ಒಪ್ಪಿಕೊಂಡ್ರು" ಎಂದು ಖುಷಿಪಟ್ಟರು.

ನಾನು ಅಂಗಡಿಗೆ ಹೋದಾಗ ಅವರು ಸ್ಟೂಲು ಒರೆಸಿ ಕೊಟ್ಟರು. ಟೀ ತರಿಸಿದರು. ಕೈಯಲ್ಲಿ ತಂತಿ ಓಡುತ್ತಿತ್ತು, ಬಾಯಲ್ಲಿ ತಾಳವಿರಲಿಲ್ಲ. ಬರೀ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು.

"ಗುರುವಾರದ್ದು ಬರಲಿಲ್ಲ ಸಾಹೇಬ್ರೇ" ಎಂದೆ.

ಎಣಿಕೆ ಮುಗಿಸಿ ತಲೆಯೆತ್ತಿದರು. "ಇಷ್ಟು ವರ್ಷ ನಾನು ಬರೆದಿದ್ದೆಲ್ಲಾ ಸುಳ್ಳು ಅಂತ ನನ್ನ ಹೆಸರಲ್ಲೇ ಬರೆದುಬಿಟ್ರಲ್ಲ ಸ್ವಾಮಿ. ಇನ್ನೇನು ಬರೀಲಿ? ಊರೆಲ್ಲಾ ನಂಬಲಿಲ್ಲ, ಹೋಗ್ಲಿ. ನೀವು ಓದ್ತಿದ್ರಿ. ನೀವೊಬ್ರು ನಂಬ್ತೀರಾ ಅಂದ್ಕೊಂಡಿದ್ದೆ."

ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸಿ ಜಗಳವಾಡಿ ಹಗುರವಾಗುತ್ತಿದ್ದೆ. ಟೀ ಕುಡಿದು ಎದ್ದು ಬಂದೆ. ಆಮೇಲೂ ಎರಡು ವರ್ಷ ಅವರು ನನ್ನನ್ನು ಕಂಡಾಗಲೆಲ್ಲ ಸಲಾಂ ಹೇಳಿದರು, ಮಕ್ಕಳ ಯೋಗಕ್ಷೇಮ ಕೇಳಿದರು. ಕೆನಡಾದ ಮಾತು ಮಾತ್ರ ಎಂದೂ ಎತ್ತಲಿಲ್ಲ. ಒಮ್ಮೆ ಅಲ್ಲಿ ಚುನಾವಣೆ ನಡೆದು ಸೋತವರು ಬಹಳ ಚೆನ್ನಾಗಿ ಮಾತಾಡಿದರೆಂದು ನಾನೇ ಎಲ್ಲೋ ಓದಿ, ಅದನ್ನು ಹೇಳಿ ಅವರನ್ನು ಮಾತಿಗೆಳೆಯಲು ನೋಡಿದೆ. "ಹೌದಾ? ನಾನು ಕೇಳಲಿಲ್ಲ" ಎಂದರು. ಕ್ಷಮಿಸಿ ಎಂಬ ಮಾತು ನನ್ನ ಗಂಟಲಿಗೆ ಎಷ್ಟೋ ಸಲ ಬಂತು. ನಾಳೆ ಹೇಳೋಣ ಎಂದು ನುಂಗಿದೆ. ಆ ನಾಳೆಗೆ ಮುಂಚೆ ಅವರು ಅಂಗಡಿ ಮಾರಿ, ಮಗಳನ್ನೂ ಕೊಟ್ಟಿದ್ದ ಭಾಭಿಯ ತವರು ಮೊಳಕಾಲ್ಮೂರಿಗೆ ಹೋಗಿಬಿಟ್ಟರು. ಅಲ್ಲಿಯೇ ಒಂದು ಮಧ್ಯಾಹ್ನ, ಊಟಕ್ಕೆ ಕೂತವರು, ಎದೆ ಹಿಡಿದುಕೊಂಡು ಒರಗಿದರಂತೆ.

ಮಣ್ಣಿಗೆಂದು ಹೊರಟ ಬಸ್ಸಿನಲ್ಲಿ ತಳಕು ಊರು ದಾಟುವವರೆಗೂ ನಾನು ಅತ್ತೆ. ನಾಚಿಕೆಯಾಗಲಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ಭಾಭಿಯನ್ನು ಮಾತಾಡಿಸಲು ಹೋದೆ. ಓಣಿಯಲ್ಲಿ ಯಾರದೋ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಬಾಗಿಲ ಪರದೆಯ ಆಚೆಯಿಂದ ಅವರು ಹೇಳಿದರು. "ಹಾಡು ಹಾಕ್ತಾನೇ ಇರ್ಲಿಲ್ಲ ಭಾಯಿ. ಕ್ಯಾಸೆಟ್ಟೆಲ್ಲಾ ಅದಾವೆ, ಮುಟ್ತಿರ್ಲಿಲ್ಲ. ಯಾಕ್ರೀ ಅಂದ್ರೆ, ಲೆಕ್ಕ ತಪ್ಪುತ್ತೆ ಅನ್ನೋರು. ಅಂಗಡೀನೇ ಮಾರಿದ ಮೇಲೆ ಯಾವ ಲೆಕ್ಕ ಭಾಯಿ ತಪ್ಪೋದು?"

ನನಗೆ ಅಲ್ಲೇ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಸುತ್ತ ಜನರಿದ್ದರು. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ ಚಳ್ಳಕೆರೆಯಲ್ಲಿ ಒಂದು ಸಭೆ ಮಾಡುತ್ತೇನೆ, ಬನ್ನಿ ಎಂದಷ್ಟೇ ಹೇಳಿ ಬಂದೆ. ಅವರು ಬದುಕಿದ್ದಾಗ ಹಾಕದ ಆ ಒಂದು ಮಾತನ್ನು ಊರೆದುರು, ಅವರ ಹೆಂಡತಿಯೆದುರು ಹೇಳಬೇಕು ಎಂದು ನಿಶ್ಚಯಿಸಿದ್ದೆ.

ಸಭೆಗೆ ನಿರೀಕ್ಷೆಗಿಂತ ಹೆಚ್ಚು ಜನ ಬಂದರು. ಮುಖಂಡನೂ ಬಂದ. ಮಾತಾಡಿದವರೆಲ್ಲ ಸಾಹೇಬರ ಧೈರ್ಯವನ್ನು ಹೊಗಳಿದರು. ಕೆನಡಾದ ಪರದೆ ಕಟ್ಟಿಕೊಂಡು ನಮ್ಮೂರ ಹುಲಿಗಳನ್ನು ಕುಟುಕಿದ ಎದೆಗಾರ ಎಂದರು. ಮುಖಂಡನೇ ಎದ್ದು, "ನನ್ನೂ ಬಿಡ್ಲಿಲ್ಲ ಅವ್ರು! ಆಗ ಸಿಟ್ಟು ಬಂದಿತ್ತು. ಈಗ ಅಂಥೋರು ಎಲ್ಲಿದಾರೆ ಹೇಳ್ರಿ" ಎಂದಾಗ ಚಪ್ಪಾಳೆ ಬಿತ್ತು. ಕೊನೆಗೆ ನಾನು ನಿಂತೆ. ಮೈಕು ಹಿಡಿದೆ.

"ಅವರು ಬರೆದದ್ದು ಕೆನಡಾದ ಬಗ್ಗೆಯೇ. ನಮ್ಮೂರಿನ ಯಾರ ಬಗ್ಗೆಯೂ ಅಲ್ಲ. ಆ ತಲೆಬರಹ ನನ್ನದು. ಆ ಕ್ಷಮಾಪಣೆಯೂ ನನ್ನದು, ಅವರದ್ದಲ್ಲ" ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗೆ ಸಾಲಿನಿಂದ ಸಾಲಿಗೆ ಹಬ್ಬಿತು. "ಎಡಿಟ್ರು ಈಗಲೂ ಬಿಟ್ಟುಕೊಡಲ್ಲ ನೋಡ್ರಪ್ಪಾ!" ಎಂದು ಮುಖಂಡ ತೊಡೆ ತಟ್ಟಿ ನಕ್ಕ. ನಾನು ಕೈ ಎತ್ತಿ ಇಲ್ಲ, ನಿಜ, ಕೇಳಿ ಎನ್ನುತ್ತಲೇ ಇದ್ದೆ. ಎಂದಷ್ಟೂ ಚಪ್ಪಾಳೆ ಜೋರಾಯಿತು. ಅಂದು ಸಾಹೇಬರು ಅಲ್ಲಪ್ಪಾ ಎಂದು ಕೈ ಮುಗಿಯುತ್ತಾ ನಿಂತಿದ್ದ ಜಾಗದಲ್ಲಿ ನಾನು ನಿಂತಿದ್ದೇನೆ ಎಂದು ತಿಳಿಯಿತು. ಮೈಕು ಇಟ್ಟು ಕೂತೆ.

ಭಾಭಿಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಮೊಳಕಾಲ್ಮೂರಿನ ಬಸ್ಸು ನಿಂತಿತ್ತು. ಕಿಟಕಿ ಪಕ್ಕ ಕೂತ ಮೇಲೆ ಅವರು ನಕಾಬು ಸರಿಸಿ ನನ್ನ ಕಡೆ ಬಗ್ಗಿದರು. ಅತ್ತು ಅತ್ತು ಬತ್ತಿದ್ದ ಆ ಮುಖದಲ್ಲಿ ಏನೋ ಒಂದು ಬೆಳಕಿತ್ತು.

"ಭಾಯಿ, ಒಂದು ಕೇಳ್ತೀನಿ. ಅಲ್ಲಿ ಎಲ್ರ ಮುಂದೆ ನೀವು ಹಂಗೆ ಹೇಳ್ಳೇಬೇಕಿತ್ತು, ತಿಳೀತು. ಇವರು ಮನೇಲಿ ಹಲ್ಲಿ ಬಿದ್ರೆ ಮಂಚ ಹತ್ತೋರು. ಇಷ್ಟು ಜನ ಇಷ್ಟು ದೊಡ್ಡ ಮಾತು ಹೇಳಿದ್ರಲ್ಲ. ಅಷ್ಟು ಧೈರ್ಯ ಇತ್ತಾ ಇವರಿಗೆ? ನನಗೊಬ್ಬಳಿಗೆ ನಿಜ ಹೇಳಿ. ಆ ಮುಖಂಡನ್ನೇ ಅಲ್ವಾ ಇವರು ಬರೆದಿದ್ದು?"

ಕಂಡಕ್ಟರ್ ಸೀಟಿ ಊದಿದ. ಭಾಭಿ ಕಿಟಕಿಯ ಸರಳು ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು.

"ಹೌದು ಭಾಭಿ" ಎಂದೆ.